ಹುಳಮನೆಯ ಒದ್ದೆ ಗೋಣಿ

ಮನುಷ್ಯರಿಗೂ ಸೆಕೆಯಾಗುತ್ತದೆ ಎಂಬುದನ್ನು ನಮ್ಮ ದೊಡ್ಡಪ್ಪ ಐವತ್ತೈದು ವರ್ಷವಾದರೂ ಒಪ್ಪಿರಲಿಲ್ಲ! ಸೆಕೆ ಏನಿದ್ದರೂ ರೇಷ್ಮೆ ಹುಳಕ್ಕೆ. ಐವತ್ತರ ದಶಕದ ಮಾತು. ಶಿಡ್ಲಘಟ್ಟದ ಪಕ್ಕದ ನಮ್ಮೂರಿಗೆ ಕರೆಂಟು ಬಂದಿರಲಿಲ್ಲ. ದೊಡ್ಡಪ್ಪನ ಹುಳಮನೆಯ ಗೋಡೆಗೆ ಮಾತ್ರ ಥರ್ಮಾಮೀಟರು ಬಂದಿತ್ತು. ಪಾದರಸ ಫ್ಯಾರನ್‌ಹೀಟಿನ ಎಂಬತ್ತೈದು ದಾಟಿತೋ, ಅಂಗಳದಲ್ಲಿ ನಿಂತು ಕಂಚಿನ ತಟ್ಟೆ ಬಡಿಯುತ್ತಿದ್ದರು.

"ಏರ್ತಾ ಇದೆ! ಗೋಣಿ ನೆನೆಸ್ರೇ!"

ದೊಡ್ಡಮ್ಮ ಮತ್ತು ನಾನು ಬಾವಿಗೆ ಓಡಬೇಕು, ಒದ್ದೆ ಗೋಣಿಗಳನ್ನು ಹುಳಮನೆಯ ಕಿಟಕಿಗಳಿಗೆ ಇಳಿಬಿಡಬೇಕು, ಬೀಸಣಿಗೆ ಹಿಡಿದು ಹುಳಗಳಿಗೆ ಗಾಳಿ ಹಾಕಬೇಕು.

"ರೀ, ನಮಗೂ ಸೆಕೆ ಆಗ್ತದೆ," ಎಂದು ದೊಡ್ಡಮ್ಮ ಒಮ್ಮೆ ಗೊಣಗಿದರು.

"ನೀನೇನು ಗೂಡು ಕಟ್ತೀಯೇನೇ?"

ಇಂಥವರಿಗೆ ಏನು ಹೇಳೋಣ?

ಒಂದು ಮಧ್ಯಾಹ್ನ ನಮ್ಮಕ್ಕನ ಮಾವ, ಚಿಂತಾಮಣಿಯ ಬೀಗರು, ತಲೆಸುತ್ತಿ ಬಂದು ಜಗಲಿಯಲ್ಲಿ ಕುಸಿದರು. "ಒಂಚೂರು ತಣ್ಣಗಿರೋ ಕಡೆ ಕೂರಿಸ್ರಪ್ಪ." ಮನೆಯಲ್ಲಿ ತಣ್ಣಗಿದ್ದದ್ದು ಹುಳಮನೆ ಒಂದೇ. ಅಲ್ಲಿ ಕೂತು ನೀರು ಕುಡಿದು ಸುಧಾರಿಸಿಕೊಂಡ ಬೀಗರು, ಜೀವ ಬಂದ ಖುಷಿಗೆ ನಶ್ಯದ ಡಬ್ಬಿ ತೆಗೆದರು. ಹೊಗೆಸೊಪ್ಪಿನ ಘಾಟು ಹುಳಕ್ಕೆ ವಿಷವಲ್ಲವೇ! ಸೀನುವ ಮೊದಲೇ ಬೀಗರು ಬಿಸಿಲಿನಲ್ಲಿದ್ದರು. ಆಮೇಲೆ ಆರು ತಿಂಗಳು ಅವರು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಆ ಬೇಸಿಗೆಯಲ್ಲಿ ಹುಳಗಳು ಗೂಡು ಕಟ್ಟಲು ಇನ್ನು ಎರಡು ಮೂರು ದಿನವಿತ್ತು. ಆಗ ಅವಕ್ಕೆ ಸೊಪ್ಪು ಹಾಕಿದಷ್ಟೂ ಸಾಲದು. ಅಂದು ಪಾದರಸ ಬೆಳಗ್ಗೆಯೇ ತೊಂಬತ್ತು ದಾಟಿತ್ತು. ದೊಡ್ಡಪ್ಪ ಎರಡು ಸಲ ತಟ್ಟೆ ಬಡಿದು, ಉಣ್ಣೆಯ ಕೋಟು ತೊಟ್ಟು, ಹಿಪ್ಪುನೇರಳೆ ತೋಟಕ್ಕೆ ಹೊರಟರು. ಕೋಟಿಲ್ಲದೆ ಅವರು ಹೊಸಲು ದಾಟಿದವರೇ ಅಲ್ಲ.

"ರೀ, ಬಿಸಿಲು ಇಳೀಲಿ."

"ನಾನೇನು ಹುಳಾನಾ?"

ಮಟಮಟ ಮಧ್ಯಾಹ್ನ ಬರಿಗೈಯಲ್ಲಿ ತೂರಾಡುತ್ತ ಬಂದು ಜಗಲಿಯಲ್ಲಿ ಕುಳಿತರು. ನೀರು ತಂದ ದೊಡ್ಡಮ್ಮನಿಗೆ ಕೈಮುಗಿದು, "ಬನ್ನಿ ತಾಯಿ. ಯಾವೂರಾಯ್ತು ತಮ್ಮದು?" ಎಂದರು. ನಾನು ಕಿಸಕ್ಕನೆ ನಕ್ಕೆ. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ದೊಡ್ಡಮ್ಮ ನಗಲಿಲ್ಲ. ಅವರ ಕುತ್ತಿಗೆ ಮುಟ್ಟಿ ನೋಡಿದರು. "ನಗಬೇಡ ಕಣೇ! ಮೈ ಕೆಂಡ ಆಗಿದೆ, ಒಂದು ಹನಿ ಬೆವರಿಲ್ಲ. ನನ್ನ ಗುರುತೇ ಹತ್ತಿಲ್ಲ ಇವ್ರಿಗೆ. ಕಿಟಕಿ ಗೋಣಿ ಎಲ್ಲಾ ಬಿಚ್ಕೊಂಡು ಬಾ!"

"ಹುಳ, ದೊಡ್ಡಮ್ಮಾ?"

"ಹುಳ ಸಾಯ್ಲಿ!"

ಪಕ್ಕದ ಮನೆಯವರು ಡಾಕ್ಟರನ್ನು ಕರೆತರಲು ಸೈಕಲ್ ಹತ್ತಿದರು. ನಾವಿಬ್ಬರೂ ದೊಡ್ಡಪ್ಪನನ್ನು ನೆರಳಿಗೆ ಎಳೆದು, ಕೋಟು ಕಿತ್ತು, ಮೈಮೇಲೆ ನೀರು ಸುರಿದು ಒದ್ದೆ ಗೋಣಿ ಹಾಕಿದೆವು. ಅದು ಬಿಸಿಯಾದಂತೆಲ್ಲ ಬದಲಿಸಿದೆವು. ಕಣ್ಣು ಮುಚ್ಚಿದವರ ಬಾಯಿಗೆ ನೀರು ಹಾಕಲು ಹೋದ ನನ್ನ ಕೈಯನ್ನು ದೊಡ್ಡಮ್ಮ ತಡೆದರು, ಉಸಿರಿಗೆ ಸಿಕ್ಕೀತು! ಹುಳಗಳ ಬೀಸಣಿಗೆಯಿಂದಲೇ ಕೈ ಸೋಲುವವರೆಗೆ ಗಾಳಿ ಹಾಕಿದೆವು. ಅಷ್ಟು ಭಯ ನನಗೆ ಅದುವರೆಗೆ ಆಗಿರಲಿಲ್ಲ.

ಡಾಕ್ಟರು ಬರುವ ಮೊದಲೇ ದೊಡ್ಡಪ್ಪ ಕಣ್ಣು ಬಿಟ್ಟರು. ಮೈಮೇಲಿನ ಗೋಣಿ ನೋಡಿದರು. ದೊಡ್ಡಮ್ಮನನ್ನು ನೋಡಿದರು.

"ಬುದ್ಧಿ ಇದೆಯೇನೇ ನಿಂಗೆ? ಹುಳದ ಗೋಣಿ ಯಾಕೆ ತಂದೆ?"

ಮೂವತ್ತು ವರ್ಷ ಆ ಬೈಗುಳಕ್ಕೆ ಗೊಣಗಿಕೊಂಡೇ ಬಂದಿದ್ದ ದೊಡ್ಡಮ್ಮ, ಒದ್ದೆ ಗೋಣಿಗೆ ಮುಖ ಒತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟರು.

"ಬೈದ್ರು ಕಣೇ," ಎಂದರು ನನಗೆ. "ನನ್ನೇ ಬೈದ್ರು!"