ಬೆನಿಗ್ನಾ ಅಜ್ಜಿಗೆ ಕೈ ಚಾಚಿದ ದರ್ಜಿ

ರೊಸೆಂಡಾ: ಬೀಗದ ಕೈ ಕೊಡು. ಇವತ್ತಿಗೆ ಈ ಅಂಗಡಿ ಮುಗೀತು.

ದೆಲಿನೋ: ಹೊಲಿಯೋನು ನಾನು, ಮುಗಿಸೋಳು ನೀನಾ?

ರೊಸೆಂಡಾ: ಬೆನಿಗ್ನಾ ಅಜ್ಜಿಗೆ ತೊಂಬತ್ತು ದಾಟಿದೆ. ಚಿಕ್ಕೋರು ನಾವು ಅವರ ಕೈ ಹಿಡಿದು ಹಣೆಗೊತ್ತಿಕೋಬೇಕು. ನೀನು ಇಗರ್ಜಿ ಬಾಗಿಲಲ್ಲಿ, ನನ್ನ ಕೈ ಹಣೆಗೊತ್ತಿಕೋ ಅಂತ ಅವರಿಗೇ ಚಾಚಿದೆಯಲ್ಲೋ.

ದೆಲಿನೋ: ಗಿಡ್ಡಗೆ ಏನೋ ಬಂತು. ಯಾರದೋ ಮಗು ಅಂದ್ಕೊಂಡೆ.

ಬತಾಂಗಾಸ್ ಊರಿನ ದರ್ಜಿ ದೆಲಿನೋಗೆ ಅರವತ್ತು. ಕೆಲವು ವರ್ಷಗಳಿಂದ ಕಣ್ಣು ಅಂಚಿನಿಂದ ಒಳಕ್ಕೆ ಮಬ್ಬಾಗುತ್ತಿದೆ. ಮೇಜಿನ ಅಂಚಿಗೆ ಹಳದಿ ಬಣ್ಣ ಬಳಿದಿದ್ದಾನೆ, ಹೊಲಿಗೆಯನ್ನು ಉಗುರಿನಿಂದ ನೋಡಿಕೊಳ್ಳುತ್ತಾನೆ. ಅಕ್ಕ ರೊಸೆಂಡಾಗೆ ಇದೆಲ್ಲ ಕಣ್ಣು ಕಾಣುವಂತೆ ಆಡುವ ನಾಟಕ. ತಮ್ಮ ಬಂದು ತನ್ನ ಹಜಾರದಲ್ಲಿ ಕೂತು ತನ್ನ ಮಾತು ಕೇಳಬೇಕೆಂದು ಅವಳ ಆಸೆ. ಗಂಡ ತೀರಿಕೊಂಡ ಮೇಲೆ ಆ ಜಾಗ ಖಾಲಿಯಿದೆ.

ದೆಲಿನೋ: ಹೋಗ್ತಿರೋದು ಕಣ್ಣು ಅಕ್ಕ. ಕಿವಿ ಚೆನ್ನಾಗೇ ಇದೆ. ಅದಕ್ಕೇ ನಿನ್ನ ಮನೆಗೆ ಬರಲ್ಲ.

ಅಷ್ಟರಲ್ಲಿ ಬೆನಿಗ್ನಾ ಅಜ್ಜಿಯೇ ಬಂದಳು. ತನ್ನ ಸಾವಿಗೆಂದು ಹೊಲಿಸಿಟ್ಟ ಬಿಳಿ ಉಡುಪು ಕಂಕುಳಲ್ಲಿತ್ತು. ವರ್ಷವರ್ಷವೂ ಅವಳು ಸೊರಗುತ್ತಾಳೆ, ದೆಲಿನೋ ಅದನ್ನು ಬಿಗಿ ಮಾಡಿಕೊಡುತ್ತಾನೆ. ರೊಸೆಂಡಾ ಓಡಿಬಂದು ಅಜ್ಜಿಯ ಕೈ ಹಣೆಗೊತ್ತಿಕೊಂಡಳು. ತಮ್ಮ ಕೇಳದಿದ್ದ ಕ್ಷಮೆಯನ್ನೆಲ್ಲ ತಾನೇ ಕೇಳಿದಳು.

ಬೆನಿಗ್ನಾ: ಊರಿನ ಹಣೆಗೆಲ್ಲ ಉಜ್ಜಿ ಉಜ್ಜಿ ಈ ಕೈ ಸವೆದಿದೆ. ನನ್ನನ್ನ ಚಿಕ್ಕೋಳು ಅಂದ್ಕೊಂಡೋನು ಇವನೊಬ್ಬನೇ. ದೆಲಿನೋ, ಈ ಸಲ ಬಿಗಿ ಮಾಡ್ಬೇಡ. ಮೊಣಕಾಲಿಗೆ ಕತ್ತರಿಸು. ಹಬ್ಬಕ್ಕೆ ಕುಣೀಬೇಕು.

ರೊಸೆಂಡಾ: ಇವನಿಗೆ ಕಾಣಲ್ಲ ಅಜ್ಜಿ, ಅಂಚು ಸೊಟ್ಟ ಆಗುತ್ತೆ.

ಬೆನಿಗ್ನಾ: ನನ್ನ ಕಾಲೇ ಸೊಟ್ಟ. ಸರಿಹೋಗುತ್ತೆ.

ಅಜ್ಜಿ ಉಡುಪು ತೊಟ್ಟು ನಿಂತಳು. ದೆಲಿನೋ ಗೀರು ಕೊರೆದ ಕೋಲೊಂದನ್ನು ನೆಲಕ್ಕೆ ಊರಿ, ಗೀರನ್ನು ಬೆರಳಲ್ಲಿ ತಡಕಿ, ಸುತ್ತಲೂ ಅಂಚು ಮಡಚತೊಡಗಿದ. ರೊಸೆಂಡಾ ಮತ್ತೆ ಬಾಯಿ ತೆರೆದಳು. ಅವನು ಒಂದು ಹಿಡಿ ಗುಂಡುಸೂಜಿ ಅವಳ ಕೈಗಿಟ್ಟು, ತುಟಿಯಲ್ಲಿ ಕಚ್ಚಿಕೊಂಡು ಒಂದೊಂದೇ ಕೊಡು ಎಂದ. ಅಜ್ಜಿಯ ಎದುರು ಇಲ್ಲವೆನ್ನಲಾಗದೆ ಅವಳು ಕಚ್ಚಿಕೊಂಡಳು.

ಬೆನಿಗ್ನಾ: ಸೂಜಿ ಎತ್ತಿಕೊಡೋಕೂ ಈಗ ನಿನಗೆ ಜನ ಬೇಕೇನೋ?

ದೆಲಿನೋ: ಬೇಡ ಅಜ್ಜಿ. ನನ್ನ ಸೂಜಿ ನನ್ನ ತೋಳಿಗೆ ಕಟ್ಟಿದ ಮೆತ್ತೆಯಲ್ಲೇ ಇದಾವೆ. ಬಾಯಿ ಮುಚ್ಚೋಕೆ ಅವಳಿಗೇ ಏನಾದ್ರೂ ಬೇಕಿತ್ತು.