ಬಂಡಿಗೆ ನಂಬರ್ ಇಲ್ಲ

ಕನ್ನಡ ಪಾಠ ಹೇಳುವವರಿಗೆ ಕೆಲವು ಚಟಗಳಿರುತ್ತವೆ. ಮದುವೆಯ ಲಗ್ನಪತ್ರಿಕೆ ಕೈಗೆ ಬಂದರೆ ಮುಹೂರ್ತ ಯಾವಾಗ ಎಂದು ನೋಡುವ ಮೊದಲು ನಾವು ಕಾಗುಣಿತ ನೋಡುತ್ತೇವೆ. ಶ್ರದ್ಧಾಂಜಲಿಯ ಕಾರ್ಡು ಬಂದರೂ ಅಷ್ಟೇ, ತೀರಿಕೊಂಡವರು ಯಾರೆಂಬುದು ಆಮೇಲೆ ತಿಳಿಯುತ್ತದೆ. ನನಗೆ ಇದರ ಜೊತೆಗೆ ಇನ್ನೊಂದು ರೋಗವೂ ಉಂಟು. ಒಂದೇ ಅರ್ಥದ ಎರಡು ಪದಗಳು ಅಕ್ಕಪಕ್ಕ ಕೂತಿದ್ದರೆ ನನಗೆ ಸಹಿಸಲಾಗುವುದಿಲ್ಲ. ಯಾರಾದರೂ ‘ನಡುಮಧ್ಯೆ’ ಎಂದು ಬರೆದರೆ ನಡುವೋ ಮಧ್ಯವೋ ಒಂದನ್ನು ಹೊಡೆದುಹಾಕುವ ತನಕ ನನ್ನ ಕೆಂಪು ಪೆನ್ನಿಗೆ ನೆಮ್ಮದಿಯಿಲ್ಲ. ಕೂಡ್ಲಿಗಿಯಲ್ಲಿ ಇಷ್ಟು ವರ್ಷ ಪಾಠ ಹೇಳುತ್ತ ಊರವರ ಪದಗಳನ್ನೆಲ್ಲ ಹೀಗೆ ಹೊಡೆದುಹಾಕಿಕೊಂಡು ಬಂದವನು, ಕೊನೆಗೆ ನನ್ನದೇ ಒಂದು ಪದವನ್ನು ಹೊಡೆದುಹಾಕಿದೆ. ಅದರಿಂದ ಮೂರು ತಿಂಗಳು ಕಾರು ಕಳೆದುಕೊಂಡೆ. ಹೆಂಡತಿಯನ್ನೂ ಕಳೆದುಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು.

ಕಾರೆಂದರೆ ದೊಡ್ಡದೇನೂ ಅಲ್ಲ. ಯಾರೋ ಬಳಸಿ ಬಿಟ್ಟ ಬಿಳಿಯ ಸಣ್ಣ ಕಾರು. ನನ್ನ ಹೆಂಡತಿ ಗಿರಿಜಾ ಗುಡೇಕೋಟೆಯಲ್ಲಿ ಗಣಿತದ ಟೀಚರು. ಅವಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಹೋಗುವುದನ್ನು ನೋಡಲಾರದೆ ಕೊಂಡದ್ದು. ಬೆಳಿಗ್ಗೆ ಅವಳನ್ನು ಬಿಟ್ಟು ಬಂದರೆ ನನ್ನ ಮೊದಲ ಪಾಠಕ್ಕೆ ಸರಿಯಾಗುತ್ತಿತ್ತು. ಸಂಜೆ ಅವಳು ಬಸ್ಸಿಗೆ ಬರುತ್ತಿದ್ದಳು. ಆ ಮುಕ್ಕಾಲು ಗಂಟೆಯ ದಾರಿ ಇದೆಯಲ್ಲ, ಎರಡೂ ಕಡೆ ಕಲ್ಲುಗುಡ್ಡ, ಕುರುಚಲು ಗಿಡ, ಅಲ್ಲಲ್ಲಿ ಕುರಿಹಿಂಡು, ಪಕ್ಕದ ಸೀಟಿನಲ್ಲಿ ಹೆಂಡತಿ, ಅದು ನನಗೆ ದಿನದ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ಮನೆಯಲ್ಲಿ ಅವಳಿಗೆ ನೋಟ್‌ಬುಕ್ ತಿದ್ದುವುದಿರುತ್ತದೆ, ಒಲೆಯ ಮೇಲೆ ಸಾರಿರುತ್ತದೆ, ಬಾಗಿಲಲ್ಲಿ ಯಾರೋ ನಿಂತಿರುತ್ತಾರೆ. ಕಾರಿನಲ್ಲಿ ಮಾತ್ರ ನಾವಿಬ್ಬರೇ ಕೂತು ಮಾತಾಡುತ್ತಿದ್ದೆವು. ಮಾತಾಡುತ್ತಿದ್ದೆವು ಎಂದು ನಾನು ತಿಳಿದಿದ್ದೆ.

ಕಾರ್ತೀಕ ಮಾಸದ ಒಂದು ಬೆಳಿಗ್ಗೆ ಆ ದಾರಿಯಲ್ಲಿ, ತಿರುವು ದಾಟಿದ ಕೂಡಲೇ ರಸ್ತೆಯ ಅಂಚಿಗೆ ಒಂದು ಬಂಡಿ ನಿಂತಿತ್ತು. ನೊಗವನ್ನು ನೆಲಕ್ಕೆ ಊರಿ ಎತ್ತು ಬಿಚ್ಚಿ ಹೋಗಿದ್ದರು. ಮೇಲೆ ಶೇಂಗಾ ಹೊಟ್ಟು ತುಂಬಿತ್ತು. ನಾನು ಆಗ ಏನೋ ಹೇಳುತ್ತಿದ್ದೆ. ಏನು ಹೇಳುತ್ತಿದ್ದೆ ಎಂಬುದು ಇಲ್ಲಿ ಮುಖ್ಯವಲ್ಲ. ಕಾರು ಹೋಗಿ ಬಂಡಿಯ ಹಿಂಭಾಗಕ್ಕೆ ಗುದ್ದಿತು. ನಮ್ಮಿಬ್ಬರಿಗೂ ಏನೂ ಆಗಲಿಲ್ಲ. ಬಂಡಿಗೂ ಏನೂ ಆಗಲಿಲ್ಲ, ಒಂದು ಗೂಟ ಸ್ವಲ್ಪ ವಾಲಿತು ಅಷ್ಟೇ. ಕಾರಿನ ಬಾನೆಟ್ಟು ಮಾತ್ರ ಮಡಚಿಕೊಂಡು ಮೇಲೆದ್ದಿತು, ರೇಡಿಯೇಟರಿನ ನೀರೆಲ್ಲ ರಸ್ತೆಗೆ ಹರಿಯಿತು, ಒಂದು ದೀಪ ಒಳಕ್ಕೆ ಹೋಗಿ ಎಂಜಿನ್ನನ್ನು ನೋಡುತ್ತ ಕೂತಿತು. ಹೊಲದಿಂದ ಬಂಡಿಯ ಯಜಮಾನ ಓಬಣ್ಣ ಓಡಿ ಬಂದ. ಬೈಯುತ್ತಾನೆಂದು ನಾನು ಕುಗ್ಗಿದ್ದರೆ ಅವನು, “ಸರ್, ಅಮ್ಮಾರಿಗೆ ಏನಾರ ಪೆಟ್ಟಾತೇನ್ರಿ? ನೀರು ಕುಡೀರಿ ಮೊದ್ಲು,” ಎಂದು ತನ್ನ ಬುತ್ತಿಯ ಜೊತೆಗಿದ್ದ ಚೊಂಬು ಕೊಟ್ಟ. ಅದೇ ಎತ್ತುಗಳನ್ನು ಹೂಡಿ ಕಾರನ್ನು ರಸ್ತೆಯ ಬದಿಗೆ ಎಳೆಸಿದ. ಆ ಹೊತ್ತಿಗೆ ಬಸ್ಸು ಬಂತು. ಗಿರಿಜಾ ಸೆರಗು ಕೊಡವಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಬಸ್ಸು ಹತ್ತಿ ಶಾಲೆಗೆ ಹೋದಳು.

ಕಾರಿಗೆ ವಿಮೆಯಿತ್ತು. ಹಾಗಾಗಿ ನಾನು ಧೈರ್ಯವಾಗಿಯೇ ಇದ್ದೆ. ಹೊಸಪೇಟೆಯ ವಿಮೆ ಕಚೇರಿಯಿಂದ ಫಾರಂ ತಂದು ಒಂದು ಭಾನುವಾರ ಪೂರ್ತಿ ಕೂತು ತುಂಬಿದೆ. ‘ಅಪಘಾತವಾದ ಬಗೆಯನ್ನು ವಿವರಿಸಿ’ ಎಂದು ಅವರು ಮೂರು ಗೆರೆ ಬಿಟ್ಟಿದ್ದರು. ನನ್ನಂಥವನಿಗೆ ಮೂರು ಗೆರೆ ಏತಕ್ಕೂ ಸಾಲದು. ಬೇರೆ ಹಾಳೆ ಲಗತ್ತಿಸಿ ನಾಲ್ಕು ಪುಟ ಬರೆದೆ. ಇಬ್ಬನಿ ಬರೆದೆ, ತಿರುವನ್ನು ಬರೆದೆ, ವಿಧಿಯ ಕುರಿತೂ ಒಂದು ಮಾತು ಬರೆದೆ. ‘ರಸ್ತೆಯ ಅಂಚಿನಲ್ಲಿ ನಿಂತಿದ್ದ ಎತ್ತಿನ ಬಂಡಿಗೆ’ ಎಂದು ಬರೆದವನು ಅಲ್ಲಿ ತಡೆದು ನಿಂತೆ. ಬಂಡಿ ಎಂದ ಮೇಲೆ ಎತ್ತಿನದೇ ಅಲ್ಲವೆ? ನಮ್ಮ ಕಡೆ ಬಂಡಿಗೆ ಕುದುರೆ ಕಟ್ಟಿದವರನ್ನು ನಾನು ನೋಡಿಲ್ಲ. ಇದು ಶುದ್ಧ ಪುನರುಕ್ತಿ. ‘ಎತ್ತಿನ’ ಎಂಬುದನ್ನು ಹೊಡೆದುಹಾಕಿದೆ. ಹಾಳೆಯಲ್ಲಿ ಚಿತ್ತು ಕಾಣಬಾರದೆಂದು ಆ ಪುಟವನ್ನು ಮತ್ತೆ ದುಂಡಗೆ ನಕಲು ಮಾಡಿದೆ. ಆ ಹೊತ್ತಿನಲ್ಲಿ ನನ್ನ ಕೈ ಯಾರಾದರೂ ಹಿಡಿದಿದ್ದರೆ ಎಂದು ಈಗ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಷ್ಟರಲ್ಲಿ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಕೊಟ್ಟೂರಿಗೆ ಸಾಗಿಸಿದ್ದೆ. ಅಲ್ಲಿನ ಮಾಬುಸಾಬ್ ನಮ್ಮ ಸುತ್ತಿನ ಐದೂ ತಾಲ್ಲೂಕಿಗೆ ಹೆಸರಾದ ಮೇಸ್ತ್ರಿ. ಹಡಗಲಿ, ಹರಪನಹಳ್ಳಿ ಕಡೆಯಿಂದಲೂ ನಜ್ಜುಗುಜ್ಜಾದ ಗಾಡಿಗಳು ಅವರ ಬೇವಿನ ಮರದಡಿಗೆ ಬರುತ್ತವೆ. ಅವರು ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟನ್ನು ಬೆರಳಲ್ಲಿ ತಟ್ಟಿ, “ಜೀವ ಐತ್ರಿ ಸರ್, ಚಿಂತಿ ಬಿಡ್ರಿ. ಆದ್ರ ಸರ್ವೇಯರ್ ಬಂದು ನೋಡೋತನಕ ನಾ ಸುತ್ತಿಗಿ ಮುಟ್ಟಂಗಿಲ್ಲ. ಮುಟ್ಟಿದ್ರ ನಿಮ್ಮ ಕ್ಲೇಮು ಖತಂ,” ಎಂದರು. ಸರ್ವೇಯರ್ ಯಾವಾಗ ಬರುತ್ತಾರೆ? ಕಚೇರಿಯವರು ಫಾರಂ ಒಪ್ಪಿದ ಮೇಲೆ. ಫಾರಂ ಯಾವಾಗ ಒಪ್ಪುತ್ತಾರೆ? ಅದನ್ನು ಮಾಬುಸಾಬ್ ಮೇಲಕ್ಕೆ ಕೈ ತೋರಿಸಿ ಹೇಳಿದರು. ನಾನು ಹದಿನೈದು ದಿನಕ್ಕೊಮ್ಮೆ ಕೊಟ್ಟೂರಿಗೆ ಹೋಗಿ, ಆಸ್ಪತ್ರೆಯಲ್ಲಿ ಮಲಗಿದ ನೆಂಟರನ್ನು ನೋಡುವಂತೆ ಕಾರನ್ನು ನೋಡಿ ಬರುತ್ತಿದ್ದೆ. ಮೊದಲ ಸಲ ಹೋದಾಗ ಸ್ಟೆಪ್ನಿ ಕಾಣಲಿಲ್ಲ. “ಇಲ್ಲೇ ಐತ್ರಿ, ಒಬ್ರು ಇಟ್ಟಿಗಿ ಊರಿಗೆ ಅರ್ಜೆಂಟ್ ಹೋಗಬೇಕಿತ್ತು, ಹಾಕ್ಕೊಂಡು ಹೋಗ್ಯಾರ,” ಎಂದರು. ಎರಡನೆಯ ಸಲ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ನನ್ನನ್ನು ಕಂಡು ಅದು ಏಳಲಿಲ್ಲ. “ಎಬ್ಬಿಸಬ್ಯಾಡ್ರಿ, ಇನ್ನ ವಾರಕ್ಕ ಮರಿ ಮಾಡ್ತತಿ,” ಎಂದು ಮಾಬುಸಾಬ್ ಮೆಲ್ಲಗೆ ಹೇಳಿದರು. ನಾನು ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಬಂದೆ.

ಕಚೇರಿಯಿಂದ ಮೊದಲ ಕಾಗದ ಬಂತು. ‘ನೀವು ಗುದ್ದಿದ ಬಂಡಿಯ ನೋಂದಣಿ ಸಂಖ್ಯೆ ಮತ್ತು ಅದರ ಚಾಲಕರ ಲೈಸೆನ್ಸಿನ ಪ್ರತಿಯನ್ನು ಕಳುಹಿಸತಕ್ಕದ್ದು’ ಎಂದಿತ್ತು. ನಾನು ಅದನ್ನು ಮೂರು ಸಲ ಓದಿದೆ. ಸರ್ಕಾರ ಏನಾದರೂ ಹೊಸ ಕಾನೂನು ಮಾಡಿರಬಹುದೇ ಎಂದು ಅನುಮಾನ ಬಂತು. ‘ಬಂಡಿಗೆ ನಂಬರ್ ಇಲ್ಲ. ಗುದ್ದುವಾಗ ಅದರಲ್ಲಿ ಯಾರೂ ಇರಲಿಲ್ಲ’ ಎಂದು ಉತ್ತರಿಸಿದೆ. ಎರಡನೆಯ ಕಾಗದ ಇನ್ನೂ ಬಿಗಿಯಾಗಿತ್ತು. ನಂಬರಿಲ್ಲದ ಬಂಡಿಯನ್ನು ರಸ್ತೆಯಲ್ಲಿ ಬಿಟ್ಟು ಹೋದವರ ಮೇಲೆ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಲಗತ್ತಿಸಬೇಕಂತೆ. ನನಗೆ ಅನ್ನ ಸೇರಲಿಲ್ಲ. ನೀರು ಕೊಟ್ಟವನ ಮೇಲೆ, ಕಾರು ಎಳೆಸಿದವನ ಮೇಲೆ, ನಾನೇ ಹೋಗಿ ಗುದ್ದಿದ ಬಂಡಿಯ ಯಜಮಾನನ ಮೇಲೆ ದೂರು. ಆದರೂ ಒಂದು ದಿನ ಓಬಣ್ಣನ ಹೊಲಕ್ಕೆ ಹೋಗಿ ಸುಮ್ಮನೆ ಕೇಳಿದೆ, ಬಂಡಿಗೆ ಯಾವುದಾದರೂ ನಂಬರ್ ಇದೆಯೇ ಎಂದು. ಅವನು ತಲೆ ಕೆರೆದುಕೊಂಡು, “ಬಂಡಿಗೆ ಇಲ್ರಿ ಸರ್. ಮನಿಗೆ ಐತಿ, ಪಂಚಾಯ್ತಿಯವ್ರು ಕದಕ್ಕ ಬರದಾರ. ನಡೀತದ ಅಂದ್ರ ಅದನ್ನ ಬರಕೊಳ್ರಿ,” ಎಂದ. ಒಂದು ಗಳಿಗೆ ನಾನು ಆ ಬಗ್ಗೆ ಯೋಚಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ನಡುವೆ ಮನೆಯಲ್ಲಿ ಬೇರೆಯೇ ಕೆಲಸ ನಡೆದಿತ್ತು. ಗಿರಿಜಾ ಮತ್ತೆ ನಸುಕಿನಲ್ಲೇ ಎದ್ದು ಬಸ್ಸಿಗೆ ಹೋಗುತ್ತಿದ್ದಳು. ಮಂಡಿ ನೋವು ಶುರುವಾಗಿತ್ತು. ಒಂದು ಸಂಜೆ ಚಹಾ ಕುಡಿಯುತ್ತ, “ಗುಡೇಕೋಟ್ಯಾಗ ಒಂದು ಖೋಲಿ ನೋಡೇನಿ. ಶಿವರಾತ್ರಿ ತನಕ ಕಾರ್ ಬರದಿದ್ರ ಅಲ್ಲೇ ಇರ್ತೀನ್ರಿ. ಶನಿವಾರ ಬಂದು ಸೋಮವಾರ ಹೋಗ್ತೀನಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ಬಾಗಿಲ ಹಿಂದೆ ಒಂದು ಚೀಲ ಬಂದು ಕೂತಿತು. ಮೊದಲು ಅದರಲ್ಲಿ ಒಂದು ಸ್ಟೋವ್ ಇತ್ತು. ವಾರ ಕಳೆದು ನೋಡಿದರೆ ಎರಡು ಪಾತ್ರೆ, ಒಂದು ಸೌಟು ಸೇರಿದ್ದವು. ಆಮೇಲೆ ಒಂದು ಚಾದರ. ನನಗೆ ಬರುವ ಅಡಿಗೆ ಮಂಡಕ್ಕಿ ಒಗ್ಗರಣೆ ಒಂದೇ, ಅದನ್ನು ವಾರಕ್ಕೆ ಐದು ದಿನ ತಿನ್ನಬಹುದು, ಅದು ದೊಡ್ಡ ಮಾತಲ್ಲ. ಅವಳಿಲ್ಲದ ಮನೆಗೆ ಕೀಲಿ ತೆಗೆದು ಒಳಗೆ ಹೋಗುವುದನ್ನು ನೆನೆದರೆ ಎದೆ ಖಾಲಿಯಾಗುತ್ತಿತ್ತು. ಇದನ್ನು ಅವಳಿಗೆ ಹೇಳಬೇಕಿತ್ತು. ಅದರ ಬದಲು ನಾನು, ಖೋಲಿ ಎನ್ನುವುದಕ್ಕಿಂತ ಕೋಣೆ ಎನ್ನುವುದು ಒಳ್ಳೆಯದು ಎಂದೆ.

ಕೊನೆಗೆ ರಜೆ ಹಾಕಿ ನಾನೇ ಹೊಸಪೇಟೆಗೆ ಹೋದೆ. ಅಧಿಕಾರಿ ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು. ಅವರ ಮನೆಮಾತು ತೆಲುಗು, ಅನಂತಪುರದ ಕಡೆಯವರು. ಅದನ್ನು ತಿಳಿದೂ ನನ್ನ ಪಂಡಿತ ತಲೆಗೆ ಏನೂ ಹೊಳೆಯಲಿಲ್ಲ.

“ಬಂಡಿ ನಂಬರ್ ಯಾಕೆ ಕೊಡ್ತಿಲ್ಲ ಸಾರ್? ಹೊಸ ಬಂಡಿನಾ?” ಎಂದು ಕೇಳಿದರು.

“ಇಲ್ರಿ, ಅವರಪ್ಪನ ಕಾಲದ್ದು,” ಎಂದೆ.

“ಅಪ್ಪನ ಕಾಲದಿಂದ ರಿಜಿಸ್ಟ್ರೇಶನ್ ಇಲ್ಲದೆ ಓಡಿಸ್ತಿದಾರಾ?”

“ನಮ್ಮ ಕಡೆ ಯಾರೂ ಮಾಡಿಸೋದಿಲ್ರಿ.”

ಅವರು ಪೆನ್ನು ಕೆಳಗಿಟ್ಟರು. “ನಿಂತಿದ್ದಾಗ ಹಿಂದಿನ ಲೈಟ್ ಉರೀತಿತ್ತಾ?”

“ಅದಕ್ಕೆಲ್ಲಿ ಲೈಟು? ಹೆಚ್ಚು ಅಂದ್ರೆ ಒಂದು ಕಂದೀಲು ಕಟ್ಟತಾರ.”

ಕೂಡ್ಲಿಗಿ ತಾಲ್ಲೂಕಿನಲ್ಲಿ ಮೋಟರ್ ಸೈಕಲ್ಲುಗಳು ಕಂದೀಲು ಕಟ್ಟಿಕೊಂಡು ಓಡಾಡುತ್ತವೆ ಎಂದು ಅವರು ನಂಬಿದ್ದು ಆ ಹೊತ್ತಿಗೇ ಇರಬೇಕು. ಬಹಳ ಹೊತ್ತು ನನ್ನ ನಾಲ್ಕು ಪುಟಗಳನ್ನು ತಿರುವಿ ಹಾಕಿದರು. ಇಬ್ಬನಿಯನ್ನು ಓದಿದರು, ವಿಧಿಯನ್ನೂ ಓದಿದರು. ಆಮೇಲೆ ಬೇಸರದಿಂದ, “ಕಾರಲ್ಲಿ ನಿಮ್ಮ ಜೊತೆ ಯಾರಿದ್ರು? ಮಿಸೆಸ್ಸಾ? ಅವರ ಹೇಳಿಕೆ ಒಂದು ಬರೆಸಿಕೊಂಡು ಬನ್ನಿ,” ಎಂದು ಫೈಲು ಮುಚ್ಚಿದರು.

ಹೇಗೆ ಬರೆಯಬೇಕೆಂದು ನಾನು ಗಿರಿಜಾಗೆ ಹೇಳಿಕೊಡಲು ಹೋದೆ. “ನೀವು ಹೊರಗ ಕೂಡ್ರಿ,” ಎಂದಳು. ಐದು ನಿಮಿಷಕ್ಕೆ ಬರೆದು, ಮಡಚಿ, ಕವರಿಗೆ ಅಂಟು ಹಚ್ಚಿಯೇ ಕೊಟ್ಟಳು. ಕಾಗುಣಿತವನ್ನಾದರೂ ನೋಡುತ್ತೇನೆ ಎಂದರೆ ಕೇಳಲಿಲ್ಲ. ಮರುದಿನ ಅಧಿಕಾರಿ ಅದನ್ನು ಒಡೆದು ಓದಿದರು. ಓದಿ, ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಎಡ್ಲ ಬಂಡಿ, ಎತ್ತಿನ ಬಂಡಿನಾ ಸಾರ್? ನಮ್ಮ ತೆಲುಗಲ್ಲಿ ಸ್ಕೂಟರೂ ಬಂಡಿನೇ, ಮೋಟರ್ ಸೈಕಲ್ಲೂ ಬಂಡಿನೇ. ಎತ್ತಿಂದು ಅಂತ ಒಂದು ಮಾತು ಬರೀಬಾರದಾ? ನಾಲ್ಕು ಪೇಜ್ ಬರೆದಿದ್ದೀರಿ,” ಎಂದು ಕಾಗದವನ್ನು ನನ್ನ ಕಡೆ ತಳ್ಳಿದರು. ದುಂಡನೆಯ ಅಕ್ಷರದಲ್ಲಿ ನಾಲ್ಕೇ ವಾಕ್ಯ ಇದ್ದವು: ‘ಎತ್ತಿನ ಬಂಡಿ ರಸ್ತೆಯ ಬದಿಗೆ ನಿಂತಿತ್ತು. ನಮ್ಮ ಯಜಮಾನರು, ಹೋಟೆಲಿನ ಬೋರ್ಡಿನಲ್ಲಿ ಉಪಾಹಾರ ಎನ್ನುವ ಕಡೆ ಉಪಹಾರ ಎಂದು ಬರೆದಿದ್ದಾರೆಂದು ಹೇಳುತ್ತ ನನ್ನ ಮುಖ ನೋಡುತ್ತಿದ್ದರು. ಬಂಡಿ ಬಂಡಿ ಎಂದು ನಾನು ಮೂರು ಸಲ ಹೇಳಿದೆ. ಅವರು ಮಾತು ಮುಗಿಸಿ ನೋಡುವಷ್ಟರಲ್ಲಿ ಗುದ್ದಿಯಾಗಿತ್ತು.’

ಕಾಗುಣಿತ ಒಂದೂ ತಪ್ಪಿರಲಿಲ್ಲ. ಕಚೇರಿಯ ಎಲ್ಲ ಮೇಜಿನವರೂ ಅದನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ಓದಿದರು. ಆ ವಾರವೇ ಸರ್ವೇಯರ್ ಕೊಟ್ಟೂರಿಗೆ ಬಂದರು. ಮಾಬುಸಾಬ್ ಕೋಳಿಯನ್ನೂ ಮರಿಗಳನ್ನೂ ಬೇರೆ ಕಾರಿಗೆ ಸಾಗಿಸಿ ಸುತ್ತಿಗೆ ಹಿಡಿದರು. ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಕಾರು ಮನೆಯ ಮುಂದೆ ಬಂದು ನಿಂತಿತು. ಬಾನೆಟ್ಟಿನ ಬಿಳಿಗೂ ಉಳಿದ ಬಿಳಿಗೂ ಹೊಂದುತ್ತಿರಲಿಲ್ಲ, ಆದರೂ ನನಗೆ ಕಣ್ಣಲ್ಲಿ ನೀರು ಬಂತು. ಗಿರಿಜಾ ಚೀಲ ಬಿಚ್ಚಿ ಸ್ಟೋವನ್ನು ಅಟ್ಟಕ್ಕೆ, ಸೌಟನ್ನು ಒಲೆಯ ಹತ್ತಿರಕ್ಕೆ ಇಟ್ಟಳು. ನಾನು ಅವತ್ತು ಮೂರು ಲೋಟ ಚಹಾ ಕುಡಿದೆ.

ಸೋಮವಾರ ಬೆಳಿಗ್ಗೆ ಪಕ್ಕದ ಸೀಟನ್ನು ಚೆನ್ನಾಗಿ ಒರೆಸಿ, ಬಾಗಿಲು ತೆರೆದು ಹಿಡಿದು ನಿಂತೆ. ಅವಳು ಅದನ್ನು ದಾಟಿ ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು. “ಮುಂದ ಕೂತ್ರ ನೀವು ತಿರುಗಿ ಮಾತಾಡ್ತೀರಿ. ನಂಗೂ ಒಂದಿಷ್ಟು ಕಣ್ಣು ಮುಚ್ಚಬೇಕು,” ಎಂದಳು. ಊರು ದಾಟುವಷ್ಟರಲ್ಲಿ ನಿದ್ದೆ ಹತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು, ಹೊಂಡ ತಪ್ಪಿಸುತ್ತ, ಆಗಾಗ ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಗುಡೇಕೋಟೆ ಮುಟ್ಟಿಸಿದೆ. ಇಳಿದು ಅವಳು ಕ್ಲಾಸಿಗೆ ನಡೆದಳು. ಶಾಲೆಗೆ ಆಗ ಹೊಸದಾಗಿ ಬಂದಿದ್ದ ಜವಾನ, ವಯಸ್ಸಾದವನು, ನನ್ನ ಹತ್ತಿರ ಬಂದು ಚಹಾದ ಲೋಟ ಚಾಚಿದ.

“ಕುಡೀರಿ ಡ್ರೈವರಣ್ಣ. ಮೇಡಮ್ಮಾರ ಹತ್ರ ಎಷ್ಟು ವರ್ಸ ಆತು ನೀವು?” ಎಂದು ಕೇಳಿದ.

ತಿದ್ದಬೇಕೆಂದು ಬಾಯಿ ತೆರೆದೆ. ಆಮೇಲೆ, “ಹತ್ತೊಂಬತ್ತು ವರ್ಷ,” ಎಂದೆ.

ಅವನು ಕ್ಲಾಸಿನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದ. “ಹಂಗಾದ್ರ ಭಾಳ ಒಳ್ಳೇರು ಅನ್ರಿ. ಬ್ಯಾರೇರಾಗಿದ್ರ ಇಷ್ಟು ದಿನ ಇಟ್ಕೋತಿದ್ರೇನು,” ಎಂದ.