ನನ್ನ ಆರೋಗ್ಯಕ್ಕೆ ನಾನೇ ಹಾಕಿಕೊಂಡ ಮಾರ್ಕ್ಸು

ಪರೀಕ್ಷೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಹಾಗಾಗಿ ಬೊಜ್ಜಿನ ಸಮೀಕ್ಷೆಗೆಂದು ಕಾವ್ಯ ಎಂಬ ಹುಡುಗಿ ಟ್ಯಾಬ್ ಹಿಡಿದು ತ್ಯಾಗರಾಜನಗರದ ನಮ್ಮ ಮನೆಗೆ ಬಂದಾಗ ನಾನು ಒಂದಿಷ್ಟೂ ಅಳುಕಲಿಲ್ಲ.

"ತೂಕದಿಂದ ಜೀವನಕ್ಕೆ ಎಷ್ಟು ತೊಂದ್ರೆ ಆಗ್ತಿದೆ ಅಂತ ಅಳೀತಿದೀವಿ ಸಾರ್. ಮನೆಗೆ ಒಬ್ರನ್ನ ಮಾತ್ರ ಕೇಳ್ತೀವಿ. ತೊಂದ್ರೆ ಜಾಸ್ತಿ ಇರೋ ಏರಿಯಾದಲ್ಲಿ ಸರ್ಕಾರದಿಂದ ಫ್ರೀ ವ್ಯಾಯಾಮದ ಕ್ಲಾಸ್ ಶುರು ಮಾಡ್ತಾರೆ" ಎಂದಳು.

ಅಡುಗೆಮನೆಯಿಂದ ನನ್ನ ಹೆಂಡತಿ ಸರೋಜ ಮಂಡಿ ಹಿಡಿದುಕೊಂಡೇ ಬಂದಳು.

"ರೀ, ಇದ್ದಿದ್ದು ಇದ್ದ ಹಾಗೆ ಹೇಳ್ರೀ. ಆ ಕ್ಲಾಸು ಇಲ್ಲಿಗೇ ಬಂದ್ರೆ ನನ್ನ ಮಂಡಿಗೂ ಒಂದು ದಾರಿ ಆಗತ್ತೆ."

"ಸೊನ್ನೆಯಿಂದ ನೂರರೊಳಗೆ, ಇವತ್ತು ನಿಮ್ಮ ಆರೋಗ್ಯಕ್ಕೆ ಎಷ್ಟು ಕೊಡ್ತೀರ ಸಾರ್?"

ನೂರಕ್ಕೆ! ಅಂದರೆ ಮಾರ್ಕ್ಸು!

"ಪಕ್ಕದ ಮನೆ ಶಾಮಣ್ಣ ಎಷ್ಟು ಹಾಕ್ಕೊಂಡ?"

"ಅದನ್ನ ಹೇಳೋ ಹಾಗಿಲ್ಲ ಸಾರ್."

"ತೊಂಬತ್ತು ಗುರು!" ಕಾಂಪೌಂಡಿನ ಆಚೆಯಿಂದ ಶಾಮಣ್ಣನೇ ಕೂಗಿದ.

ಶಾಮಣ್ಣನಿಗೆ ತೊಂಬತ್ತು! ಬೀದಿಯ ತುದಿಯ ದೋಸೆ ಹೋಟೆಲಿಗೂ ಆಟೋದಲ್ಲಿ ಹೋಗುವ ಮಹಾನುಭಾವ ಅವನು. ಅನ್ಯಾಯ ನೋಡಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ.

"ತೊಂಬತ್ತೆಂಟು ಬರ್ಕೊಳಮ್ಮ."

ಸರೋಜ ಹಣೆ ಚಚ್ಚಿಕೊಂಡಳು. "ನಿಮ್ಮ ಶೂ ಲೇಸ್ ಕಟ್ಟೋಳು ನಾನು! ತೊಂಬತ್ತೆಂಟಂತೆ!"

"ಮೌಲ್ಯಮಾಪನದ ನಡುವೆ ಮಾತಾಡಬಾರದು" ಎಂದು ಗಂಭೀರವಾಗಿ ಎಚ್ಚರಿಸಿದೆ. ಮೆಟ್ಟಿಲು ಹತ್ತುವುದು? ತೊಂದರೆ ಇಲ್ಲ. ಬಗ್ಗುವುದು? ಇಲ್ಲವೇ ಇಲ್ಲ. ನೆಲದ ಮೇಲೆ ಕೂತು ಏಳುವುದು?

"ಕೇಳೋದೇನು, ತೋರಿಸ್ತೀನಿ" ಎಂದವನೇ ಚಕ್ಕಂಬಕ್ಕಳ ಹಾಕಿ ಕೂತೆ. ಕೂರುವುದರಲ್ಲಿ ಭೂಮಿಯ ಸಹಕಾರ ಇರುತ್ತದೆ. ಏಳುವಾಗ ಅದು ತನ್ನ ಬೆಂಬಲವನ್ನು ವಾಪಸು ಪಡೆಯಿತು. ಟೀಪಾಯಿ ಹಿಡಿದೆ. ನಾನು ಮೇಲೆ ಹೋಗುವ ಬದಲು ಟೀಪಾಯಿಯೇ ನನ್ನ ಮೇಲೆ ಬಂತು!

ಸರೋಜ ಶಾಮಣ್ಣನನ್ನು ಕೂಗಿದಳು. ಅವನು ಶರ್ಟಿನ ತೋಳು ಮಡಚುತ್ತಾ ಬಂದ, ನನ್ನ ಕಂಕುಳಿಗೆ ಕೈ ಹಾಕಿ ಬಗ್ಗಿದ, "ಅಯ್ಯೋ ಸೊಂಟ!" ಎಂದು ನನ್ನ ಪಕ್ಕದಲ್ಲೇ ಕುಸಿದು ಕೂತ.

ಈಗ ನೆಲದ ಮೇಲೆ ಒಟ್ಟು ನೂರಾ ಎಂಬತ್ತೆಂಟು ಮಾರ್ಕ್ಸು ಕೂತಿತ್ತು!

ಕಾವ್ಯ ಟ್ಯಾಬನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕಳು. ಸರೋಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊನೆಗೆ ಇಬ್ಬರೂ ಸೇರಿ ನಮ್ಮನ್ನು ಒಬ್ಬೊಬ್ಬರಾಗಿ ಸೋಫಾಕ್ಕೆ ಸಾಗಿಸಿದರು. ನನ್ನನ್ನು ಎತ್ತುವಾಗ ಸರೋಜಳ ಮಂಡಿ ಕಟಕ್ ಎಂದಿತು. ಆ ಸದ್ದು ಕೇಳಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಶಾಮಣ್ಣನನ್ನು ಸೋಲಿಸಲು ಹೋಗಿ ಇವಳ ಕ್ಲಾಸನ್ನೇ ಕಳೆಯುತ್ತಿದ್ದೆನಲ್ಲ!

"ಮೊದಲಿಂದ ಕೇಳಮ್ಮ. ಈ ಸಲ ನಿಜ ಹೇಳ್ತೀನಿ" ಎಂದೆ.

ಎಲ್ಲ ಹೇಳಿದೆ. ಲೇಸು, ಮೆಟ್ಟಿಲು, ಟೀಪಾಯಿ, ಯಾವುದನ್ನೂ ಬಿಡಲಿಲ್ಲ.

"ಹಾಗಾದ್ರೆ ನೂರಕ್ಕೆ ಎಷ್ಟು ಸಾರ್?"

"ಮೂವತ್ತೈದು. ಪಾಸಾದ್ರೆ ಸಾಕು."

"ಅದೂ ಗ್ರೇಸ್ ಮಾರ್ಕ್ಸ್ ಸೇರ್ಸಿ" ಎಂದಳು ಸರೋಜ.

"ಮೇಡಂ, ನನ್ನ ಪೇಪರ್ರೂ ರೀವ್ಯಾಲ್ಯುಯೇಷನ್ ಮಾಡ್ಬಿಡಿ" ಎಂದು ಶಾಮಣ್ಣ ನರಳಿದ.

ಕೆಲವು ತಿಂಗಳಲ್ಲಿ ಕ್ಲಾಸು ನಮ್ಮ ಪಾರ್ಕಿಗೇ ಬಂತು. ಸರೋಜ ಮೊದಲ ಸಾಲಿನಲ್ಲಿ ನಿಂತು ಸಲೀಸಾಗಿ ಕಾಲು ಎತ್ತುತ್ತಾಳೆ. ನೋಡಿದರೆ ಖುಷಿಯಾಗುತ್ತದೆ. ಕೊನೆಯ ಸಾಲಿನಲ್ಲಿ ನಾನು ಮತ್ತು ಶಾಮಣ್ಣ, ಬೇಲಿಯ ಕಂಬಿ ಹಿಡಿದು ಕೂತು ಏಳುತ್ತೇವೆ. ಕಲಿಸುವ ಹುಡುಗಿ ಅದಕ್ಕೆ ಸ್ಕ್ವಾಟ್ ಎನ್ನುತ್ತಾಳೆ. ಸರ್ವಿಸಿನುದ್ದಕ್ಕೂ ಮಕ್ಕಳ ಕೈಲಿ ಹೊಡೆಸಿದವನು ನಾನು. ನನಗೆ ಗೊತ್ತಿಲ್ಲವೇ, ಅದು ಬಸ್ಕಿ!